ಒಂದೇ ಸಲ ಕೇಳುವ ಪ್ರಶ್ನೆ

ಕೆರ್ಮಾನ್ ಪಟ್ಟಣದ ತಾಮ್ರದ ಬಜಾರಿನ ಹಿಂದಿನ ಓಣಿಯಲ್ಲಿರುವ ವ್ಯಸನಮುಕ್ತಿ ಕೇಂದ್ರದಲ್ಲಿ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಒಂದು ಸಣ್ಣ ನಾಟಕ ನಡೆಯುತ್ತಿತ್ತು. ಚಹಾ ಕಾಯಿಸುವ ರೊಬಾಬೆ ಖಾನುಮ್ ತಟ್ಟೆ ಹಿಡಿದು ಒಳಗೆ ಬರುವರು. ತಟ್ಟೆಯಲ್ಲಿ ಒಂದು ಲೋಟ ಕಡು ಚಹಾ, ಪಕ್ಕದಲ್ಲಿ ಖರ್ಜೂರ ತುಂಬಿದ ಎರಡು ಕೊಲೊಂಪೆ ಬಿಸ್ಕತ್ತು.

"ತಗೊಳ್ಳಿ, ಖಾನುಮ್ ಡಾಕ್ಟರ್."

"ಬೇಡ ರೊಬಾಬೆ ಖಾನುಮ್, ಈಗಷ್ಟೇ ತಿಂಡಿ ಆಯ್ತು."

"ಬಿಸಿ ಇದೆ, ಒಂದೇ ಒಂದು."

"ನಂಗೆ ಸಕ್ಕರೆ ಕಾಯಿಲೆ ಅಂತ ನಿಮಗೆ ಗೊತ್ತಿಲ್ವಾ? ಬೇಡ."

"ನನ್ನಾಣೆ, ತಗೊಳ್ಳಿ."

"ನೀವಂತೂ ಬಿಡೋರಲ್ಲ," ಎಂದು ಡಾಕ್ಟರ್ ಫರಂಗಿಸ್ ಒಂದನ್ನಲ್ಲ, ಎರಡನ್ನೂ ತಿಂದು ಬೆರಳು ಒರೆಸಿಕೊಳ್ಳುವರು. ಹತ್ತೊಂಬತ್ತು ವರ್ಷಗಳಿಂದ ಈ ನಾಟಕದ ಒಂದು ಮಾತೂ ಬದಲಾಗಿರಲಿಲ್ಲ. ಆಡುವವರಿಗೆ ಅದು ನಾಟಕವೆಂದೇ ಅನ್ನಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಫರಂಗಿಸ್ ಅವರಿಗೆ ಅರವತ್ತೊಂದು ವರ್ಷ. ವಾರದಲ್ಲಿ ಮೂರು ಮಧ್ಯಾಹ್ನ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಪಾಠ, ಉಳಿದ ಹೊತ್ತು ಈ ಕೇಂದ್ರ. ಅಫೀಮಿಗೆ ಬಿದ್ದವರನ್ನು ಹೇಗೆ ಮಾತಾಡಿಸಬೇಕು, ಹೇಗೆ ಕೈಹಿಡಿಯಬೇಕು ಎಂಬುದನ್ನೇ ಮೂವತ್ತನಾಲ್ಕು ವರ್ಷ ಓದಿದವರು, ಬರೆದವರು. ಅವರ ಪುಸ್ತಕ ಮೂರು ಸಲ ಅಚ್ಚಾಗಿ ಖರ್ಚಾಗಿತ್ತು. ಈಗ ನಾಲ್ಕನೆಯ ಮುದ್ರಣದ ಕರಡು ತೆಹರಾನಿನಿಂದ ಬಂದು ಮೇಜಿನ ಮೇಲೆ ಕೂತಿತ್ತು. ಬುಧವಾರ, ಅಂದರೆ ನಾಳೆ, ಅದನ್ನು ತಿದ್ದಿ ಕಳಿಸಬೇಕು. ಹೊಸ ವರ್ಷದ ನೌರೂಜ್ ಹಬ್ಬ ಕಳೆದರೆ ನಿವೃತ್ತಿ. ಹೊಸ ಮುದ್ರಣ ಕೈಗೆ ಬಂದ ಮೇಲೆ ಹಾಯಾಗಿ ಮನೆಯ ದಾಳಿಂಬೆ ಗಿಡಕ್ಕೆ ನೀರು ಹಾಕಿಕೊಂಡಿರಬೇಕು ಎಂದು ಅವರು ಲೆಕ್ಕ ಹಾಕಿದ್ದರು.

ಆ ಪುಸ್ತಕದ ಜೀವಾಳವೆಂದರೆ ಏಳು ಪ್ರಶ್ನೆಗಳ ಒಂದು ಹಾಳೆ. ಕೇಂದ್ರಕ್ಕೆ ಯಾರೇ ಬರಲಿ, ಆ ಏಳನ್ನೂ ಕೇಳಿ ಬರೆದುಕೊಳ್ಳಬೇಕು. ಏಳನೆಯದು, 'ನಿಮಗೆ ನಮ್ಮ ಸಹಾಯ ಬೇಕೆ?' ಅದರ ಕೆಳಗೆ ಸಣ್ಣಕ್ಷರದಲ್ಲಿ ಫರಂಗಿಸ್ ಅವರದೇ ವಾಕ್ಯ: 'ಈ ಪ್ರಶ್ನೆಯನ್ನು ಒಂದೇ ಸಲ ಕೇಳತಕ್ಕದ್ದು. ಬಂದ ಉತ್ತರವನ್ನು ಗೌರವಿಸತಕ್ಕದ್ದು.' ಈ ವಾಕ್ಯದ ದೆಸೆಯಿಂದ ವಿದ್ಯಾರ್ಥಿಗಳು ಅವರಿಗೆ 'ಒಂದೇಸಲ ಖಾನುಮ್' ಎಂದು ಅಡ್ಡಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು.

ಅದಕ್ಕೆ ಕಾರಣವಿತ್ತು. ಅವರಿಗೆ ಹನ್ನೊಂದು ವರ್ಷವಾಗಿದ್ದಾಗ ಅಪ್ಪ, ದೊಡ್ಡಪ್ಪ ಸೇರಿ ಚಿಕ್ಕಪ್ಪ ಗೊದ್ರತ್ ಅವರನ್ನು ಪಿಸ್ತಾ ತೋಟದ ಕಣಜದ ಕಂಬಕ್ಕೆ ಕಟ್ಟಿಹಾಕಿದ್ದರು, ಅಫೀಮು ಬಿಡಿಸಲು. ಹದಿನಾಲ್ಕು ದಿನ. ಚಿಕ್ಕಪ್ಪ ಒಳಗಿನಿಂದ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದರು, ಕೊನೆಗೆ ಪುಟ್ಟ ಫರಂಗಿಸಳ ಹೆಸರನ್ನೂ ಕೂಗಿದರು. ಬಾಗಿಲು ತೆಗೆಯಬಾರದೆಂದು ಅಪ್ಪ ಹೇಳಿದ್ದರು, ಹುಡುಗಿ ತೆಗೆಯಲಿಲ್ಲ. ಆರು ತಿಂಗಳಲ್ಲಿ ಚಿಕ್ಕಪ್ಪ ಮತ್ತೆ ಅಫೀಮಿನ ಕೊಳವೆ ಹಿಡಿದು ಅಗ್ಗಿಷ್ಟಿಕೆಯ ಮುಂದೆ ಕೂತರು. ಸಾಯುವ ತನಕ ಮನೆಯ ಯಾರೊಡನೆಯೂ ಒಂದು ಮಾತಾಡಲಿಲ್ಲ. ಮುಂದೆ ಊರಾಚೆ ಬಲವಂತದ ಶಿಬಿರಗಳು ಎದ್ದಾಗ, ಬೀದಿಯಿಂದ ಮನುಷ್ಯರನ್ನು ಎತ್ತಿಕೊಂಡು ಹೋಗಿ ತಲೆ ಬೋಳಿಸಿ ತಣ್ಣೀರು ಸುರಿಯುವುದನ್ನೇ ಚಿಕಿತ್ಸೆ ಎಂದಾಗ, ಫರಂಗಿಸ್ ಟೊಂಕ ಕಟ್ಟಿ ಜಗಳಕ್ಕೆ ನಿಂತವರು. ಮನುಷ್ಯ ಬೇಡ ಅಂದರೆ ಬೇಡ, ಅಷ್ಟೇ. ಇದೇ ಅವರ ಇಡೀ ವಿದ್ಯೆ.

ಆ ಮಂಗಳವಾರ ಬೆಳಿಗ್ಗೆ ಸನೋಬರ್ ಒಳಗೆ ಬಂದಳು. ಕೇಂದ್ರಕ್ಕೆ ಸೇರಿ ಎರಡು ವರ್ಷವಾಗಿದ್ದ ಹುಡುಗಿ, ಫರಂಗಿಸ್ ಅವರದೇ ವಿದ್ಯಾರ್ಥಿನಿ. ಕೈಯಲ್ಲಿ ಒಂದು ಹಾಳೆ.

"ಖಾನುಮ್ ಡಾಕ್ಟರ್, ಚಳಿಗಾಲದ ತಂಡಕ್ಕೆ ಒಂಬತ್ತು ಜನ ಆದ್ರು. ಹತ್ತನೇ ಹಾಸಿಗೆ ಖಾಲಿ ಇದೆ. ನಾಳೆ ಮಧ್ಯಾಹ್ನ ಪಟ್ಟಿ ಮುಚ್ಚಬೇಕು."

"ಮುಚ್ಚು. ಅದಕ್ಕೇನಂತೆ?"

"ಉಸ್ತಾ ನೊಸ್ರತ್ ಅಂಗಳದಲ್ಲಿ ಕೂತಿದ್ದಾರೆ."

ಕಿಟಕಿಯಿಂದ ಕಾಣುತ್ತಿತ್ತು. ಹಿಪ್ಪುನೇರಳೆ ಮರದ ಕೆಳಗಿನ ಬೆಂಚಿನ ಮೇಲೆ ಅರವತ್ತು ದಾಟಿದ ಒಬ್ಬರು, ಟೊಪ್ಪಿಯನ್ನು ಮೊಣಕಾಲಿಗೆ ಹಾಕಿಕೊಂಡು ಕೂತಿದ್ದರು. ಉಸ್ತಾ ನೊಸ್ರತ್ ಜಮಖಾನೆ ನೇಯುವ ಮಗ್ಗದ ಹಿಂದೆ ಕೂತು, ನಕ್ಷೆ ನೋಡಿ, ಯಾವ ಬಣ್ಣದ ಗಂಟು ಹಾಕಬೇಕೆಂದು ನೇಯುವವರಿಗೆ ಕೂಗಿ ಹೇಳುವ ಮೇಸ್ತ್ರಿ. ನಲವತ್ತು ವರ್ಷ ಕೂಗಿದ ಗಂಟಲು, ಮೂವತ್ತು ವರ್ಷ ಅಫೀಮು ಎಳೆದ ಗಂಟಲು. ಬೇಸಿಗೆಯಲ್ಲಿ ಅಳಿಯನನ್ನು ಚಿಕಿತ್ಸೆಗೆ ಕರೆದುಕೊಂಡು ಬಂದಿದ್ದರು. ಅಳಿಯ ಹುಷಾರಾಗಿ ಕೆಲಸಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಮಾವ ಮಾತ್ರ ಮಂಗಳವಾರ ಬರುವುದನ್ನು ಬಿಟ್ಟಿರಲಿಲ್ಲ.

"ಅವರ ಹಾಳೆ ತುಂಬಿಸಿದ್ಯಲ್ಲ?" ಎಂದರು ಫರಂಗಿಸ್.

"ತುಂಬಿಸ್ದೆ. ಏಳನೇದಕ್ಕೆ, ನಿಮಗ್ಯಾಕೆ ತೊಂದರೆ ತಾಯಿ, ನಂಗೇನೂ ಬೇಡ, ಅಂದ್ರು. ನಿರಾಕರಿಸಿದ್ದಾರೆ ಅಂತ ಬರ್ಕೊಂಡೆ. ಆದ್ರೆ ಆಮೇಲೂ ಎಂಟು ವಾರದಿಂದ ಬಂದು ಕೂರ್ತಿದ್ದಾರೆ. ಇನ್ನೊಂದು ಸಲ ಕೇಳ್ಲಾ?"

"ಸನೋಬರ್, ಆ ಮನುಷ್ಯನಿಗೆ ಬುದ್ಧಿ ಇದೆ, ಬಾಯಿ ಇದೆ. ಬೇಡ ಅಂದಿದ್ದಾರೆ. ಮತ್ತೆ ಮತ್ತೆ ಕೇಳೋದೂ ಒಂದು ಹಗ್ಗಾನೇ ಕಣೆ. ಕಟ್ಟಿಹಾಕೋದು ಅಲ್ಲಿಂದ್ಲೇ ಶುರುವಾಗೋದು."

ಸನೋಬರ್ ತಲೆಯಾಡಿಸಿ ಹೋದಳು. ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟುಹೋದಳು, ಬೇಕೆಂದೇ ಇರಬಹುದು.

ಅಂಗಳದಲ್ಲಿ ರೊಬಾಬೆ ಖಾನುಮ್ ಬೆಂಚಿನ ಮುಂದೆ ತಟ್ಟೆ ಹಿಡಿದು ನಿಂತಿದ್ದು ಕಂಡಿತು. ಉಸ್ತಾ ನೊಸ್ರತ್ ಎದೆಯ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದರು. ರೊಬಾಬೆ ಏನೋ ಹೇಳಿದರು. ಅವರು ಮತ್ತೆ ತಲೆ ಅಲ್ಲಾಡಿಸಿದರು. ರೊಬಾಬೆ ಕದಲಲಿಲ್ಲ. ಆಗ ಉಸ್ತಾ ಲೋಟ ಎತ್ತಿಕೊಂಡು, ಸಕ್ಕರೆ ಉಂಡೆಯನ್ನು ಹಲ್ಲಿನ ನಡುವೆ ಇಟ್ಟು, ಮೂರು ಗುಟುಕಿಗೆ ಖಾಲಿ ಮಾಡಿದರು. ನೀರಡಿಸಿದವರ ಕುಡಿತ ಅದು.

ಖಾಲಿ ತಟ್ಟೆಯೊಡನೆ ರೊಬಾಬೆ ಸೀದಾ ಫರಂಗಿಸ್ ಅವರ ಕೋಣೆಗೆ ಬಂದರು. ಕೂರಲಿಲ್ಲ.

"ಖಾನುಮ್ ಡಾಕ್ಟರ್, ಮೂಗು ತೂರಿಸ್ತೀನಿ ಅನ್ಕೋಬೇಡಿ. ಉಪಚಾರ ಅಂದ್ರೇನು ಅಂತ ನಾನು ನಿಮಗೆ ಹೇಳೋದು ಜೀರಿಗೆ ಬೆಳೆಯೋ ಕೆರ್ಮಾನಿಗೇ ಜೀರಿಗೆ ಹೊತ್ತ ಹಾಗೆ. ಆದ್ರೂ ಹೇಳ್ತೀನಿ. ಆ ಮನುಷ್ಯ ಒಂದು ಲೋಟ ಚಹಾಕ್ಕೇ ಎರಡು ಸಲ ಬೇಡ ಅಂತಾರೆ. ನೀವು ಅವರ ಪ್ರಾಣದ ವಿಷಯ ಒಂದೇ ಸಲ ಕೇಳಿ ಹಾಳೆ ಮಡಚಿಟ್ರಿ."

"ಚಹಾ ಬೇರೆ, ಇದು ಬೇರೆ, ರೊಬಾಬೆ ಖಾನುಮ್."

"ಬೇರೆ ಹೇಗಾಗುತ್ತೆ? ದಿನಾ ಬೆಳಿಗ್ಗೆ ನೀವೂ ಎರಡು ಸಲ ಬೇಡ ಅಂತೀರಿ. ನಾನೂ ನಿಮ್ಮ ಹಾಳೆ ಥರ ಒಂದೇ ಸಲ ಕೇಳಿದ್ದಿದ್ರೆ ಹತ್ತೊಂಬತ್ತು ವರ್ಷ ಉಪವಾಸ ಇರ್ತಿದ್ರಿ."

ಫರಂಗಿಸ್ ಅವರಿಗೆ ರೇಗಿತು. ದೊಡ್ಡ ದೊಡ್ಡ ಸಭೆಗಳಲ್ಲಿ ದೊಡ್ಡ ದೊಡ್ಡ ವೈದ್ಯರಿಗೆ ಉತ್ತರ ಕೊಟ್ಟವರು ಅವರು. ಕರಡಿನ ಕಟ್ಟನ್ನು ಎಳೆದುಕೊಂಡು, ಕನ್ನಡಕ ಏರಿಸಿ, ಇಪ್ಪತ್ತು ವರ್ಷದಿಂದ ಪ್ರತಿ ಹೊಸ ತರಗತಿಗೂ ಓದಿ ಹೇಳುತ್ತಿದ್ದ ಪುಟವನ್ನು ತೆಗೆದರು.

"ಕೇಳಿ ಇಲ್ಲಿ. ನಲವತ್ತೊಂದನೇ ವ್ಯಕ್ತಿ. 'ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ಕುಶಲಕರ್ಮಿ. ಪ್ರಶ್ನೆಯನ್ನು ಶಾಂತವಾಗಿ ಕೇಳಿಸಿಕೊಂಡರು. ಎದೆಯ ಮೇಲೆ ಕೈಯಿಟ್ಟು, ನಕ್ಕು, ನಿಮಗೆ ಶ್ರಮ ಕೊಡಲಾರೆ ಎಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ ನೋಡಿ ವಂದಿಸಿದರು. ಅವರ ನಿರ್ಧಾರ ಸ್ಪಷ್ಟವಾಗಿತ್ತು, ಘನತೆಯಿಂದ ಕೂಡಿತ್ತು. ನಾವು ಅದನ್ನು ಗೌರವಿಸಿದೆವು.' ಇದು ಗೌರವ, ರೊಬಾಬೆ ಖಾನುಮ್. ಒಬ್ಬ ಮನುಷ್ಯನ ಮಾತನ್ನ ಮಾತು ಅಂತ ನಂಬೋದು."

ರೊಬಾಬೆ ತಟ್ಟೆಯನ್ನು ಎದೆಗೆ ಅವಚಿಕೊಂಡರು.

"ಎಡಗೈ ಕಿರುಬೆರಳು ಇರಲಿಲ್ಲ ಅಲ್ವಾ ಅವರಿಗೆ?"

ಪುಸ್ತಕದಲ್ಲಿ ಬೆರಳಿನ ವಿಷಯ ಇರಲಿಲ್ಲ. ಫರಂಗಿಸ್ ಅದನ್ನು ಬರೆದಿರಲಿಲ್ಲ. ಆದರೆ ಎದೆಯ ಮೇಲೆ ಇಟ್ಟಿದ್ದ ಆ ಕೈ ಅವರಿಗೆ ಚೆನ್ನಾಗಿ ನೆನಪಿತ್ತು. ನಾಲ್ಕೇ ಬೆರಳು.

"ಸಫರ್," ಎಂದರು ರೊಬಾಬೆ. "ನಮ್ಮ ಮನೆಯವರು. ಇಲ್ಲಿಗೆ ಬಂದಿದ್ರು ಅನ್ನೋದು ನಂಗೆ ಗೊತ್ತಿತ್ತು. ಪುಸ್ತಕಕ್ಕೆ ಸೇರಿಸಿದ್ದೀರಿ ಅಂತ ಗೊತ್ತಿರಲಿಲ್ಲ."

ರೊಬಾಬೆ ದನಿ ಏರಿಸಲಿಲ್ಲ. ಬೆಳಿಗ್ಗೆ ಹಾಲಿನವನು ಬರಲಿಲ್ಲ ಎಂದು ಹೇಳುವ ದನಿಯಲ್ಲೇ ಹೇಳಿದರು.

"ಅವತ್ತು ಶುಕ್ರವಾರಕ್ಕೆ ಇಟ್ಟಿದ್ದ ಒಳ್ಳೇ ಅಂಗಿ ಹಾಕ್ಕೊಂಡು ಬಂದಿದ್ರು. ನಾನೇ ಇಸ್ತ್ರಿ ಮಾಡಿದ್ದೆ. ಒಂದು ಗಂಟೆ ಕಳೆಯೋದ್ರೊಳಗೆ ವಾಪಸ್ ಬಂದ್ರು. ಏನಾಯ್ತು ಅಂದೆ. 'ಕೇಳಿದ್ರು ಕಣೆ, ಒಂದೇ ಸಲ ಕೇಳಿದ್ರು. ಬಾಯುಪಚಾರಕ್ಕೆ ಕೇಳಿರ್ಬೇಕು. ನಮ್ಮಂಥವರು ಅವರಿಗೆ ಯಾಕೆ ಬೇಕು' ಅಂದ್ರು. ಬಾಗಿಲಲ್ಲಿ ನಿಂತು ತಿರುಗಿ ಕೂಡ ನೋಡಿದ್ರಂತೆ, ಕರೀತೀರೇನೋ ಅಂತ. ಮೂರು ವರ್ಷಕ್ಕೆ ಹೋಗಿಬಿಟ್ರು. ಅವರು ತಿರುಗಿ ಬಂದಿದ್ದು ಎಂಥ ಜಾಗದಿಂದ ಅಂತ ನೋಡಬೇಕು ಅನ್ನಿಸ್ತು. ಅದಕ್ಕೇ ಇಲ್ಲಿ ಕೆಲಸಕ್ಕೆ ಬಂದೆ."

ಅಷ್ಟು ಹೇಳಿ, ಮೇಜಿನ ಮೇಲಿದ್ದ ಖಾಲಿ ಲೋಟವನ್ನು ತಟ್ಟೆಗಿಟ್ಟುಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ನಲ್ಲಿಯ ನೀರು, ಲೋಟ ತೊಳೆಯುವ ಸದ್ದು ಕೇಳಿಸಿತು.

ಫರಂಗಿಸ್ ಆ ಪುಟವನ್ನು ಮತ್ತೆ ಓದಿದರು. ಬಾಗಿಲಲ್ಲಿ ತಿರುಗಿ ನೋಡಿ ವಂದಿಸಿದರು. ಎಷ್ಟು ಸಲ ಇದನ್ನು ತರಗತಿಯಲ್ಲಿ ಓದಿದ್ದರು, ಎಂಥ ಹೆಮ್ಮೆಯಿಂದ ಓದಿದ್ದರು. ಎದುರಿಗೆ ಕೂತ ಮಕ್ಕಳಲ್ಲಿ ಪ್ರತಿಯೊಬ್ಬರೂ ಚಹಾಕ್ಕೆ ಎರಡು ಸಲ ಬೇಡ ಎನ್ನುವ ಮನೆಗಳಿಂದಲೇ ಬಂದವರು. ಒಬ್ಬರಾದರೂ ಎದ್ದು ಕೇಳಿರಲಿಲ್ಲ. ಎಲ್ಲರೂ ಬರೆದುಕೊಂಡಿದ್ದರು. ಈ ನಿಯಮವನ್ನು ಅವರು ತಂದದ್ದು ದೂರದ ಊರುಗಳ ದಪ್ಪ ಪುಸ್ತಕಗಳಿಂದ. ಅಲ್ಲಿ ಬೇಡ ಅಂದರೆ ಬೇಡವೇ ಇರಬಹುದು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅವರಿಗೆ ತಮ್ಮ ಹಿತ್ತಲಲ್ಲಿ ಗಿಡ ಇರುವುದೇ ಕಂಡಿರಲಿಲ್ಲ. ಆ ಹಾಳೆಯಲ್ಲಿ ನಿರಾಕರಿಸಿದ್ದಾರೆ ಎಂದು ಬರೆಸಿಕೊಂಡವರು ಎಷ್ಟು ಜನ? ನೂರು, ಇನ್ನೂರು? ಅವರು ಅತ್ತರು, ಸ್ವಲ್ಪವೇ, ಮತ್ತು ಕನ್ನಡಕ ಒರೆಸಿಕೊಂಡರು.

ಎದ್ದು ಕಿಟಕಿಗೆ ಬಂದಾಗ ಬೆಂಚು ಖಾಲಿಯಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಅವರು ಸನೋಬರಳಿಂದ ವಿಳಾಸ ಕೇಳಿಕೊಂಡು ಒಬ್ಬರೇ ನಡೆದು ಹೊರಟರು. ಜೂಪಾರ್ ಬೆಟ್ಟದ ತುದಿಗೆ ಆಗಲೇ ಹಿಮ ಬಿದ್ದಿತ್ತು, ಗಾಳಿ ತಣ್ಣಗಿತ್ತು. ಮಗ್ಗದ ಮನೆ ಹೊಕ್ಕಾಗ ಮೂವರು ಹೆಂಗಸರು ಹಲಗೆಯ ಮೇಲೆ ಸಾಲಾಗಿ ಕೂತು ಗಂಟು ಹಾಕುತ್ತಿದ್ದರು. ಹಿಂದೆ ಉಸ್ತಾ ನೊಸ್ರತ್ ನಕ್ಷೆಯ ಹಾಳೆ ಹಿಡಿದು ರಾಗವಾಗಿ ಕೂಗುತ್ತಿದ್ದರು.

"ಎರಡು ಕೆಂಪು, ಒಂದು ಬಿಟ್ಟು ಒಂದು ಕಡುನೀಲಿ, ಮುಂದೆ ಮೂರು ಬಾದಾಮಿ..."

"ಆಯ್ತು," ಎಂದು ಹೆಂಗಸರು ಒಟ್ಟಿಗೆ ಉತ್ತರ ಹಾಡುತ್ತಿದ್ದರು.

ಬಾದಾಮಿ ಎನ್ನುವಲ್ಲಿ ಉಸ್ತಾ ಅವರ ದನಿ ಒಡೆದು ಕೆಮ್ಮು ಬಂತು. ಫರಂಗಿಸ್ ಅವರನ್ನು ನೋಡಿ ಗಡಬಡಿಸಿ ಎದ್ದರು, ತಾವು ಕೂತಿದ್ದ ಮೆತ್ತೆಯನ್ನು ಝಾಡಿಸಿ ಕೊಟ್ಟರು. ಕ್ಷೇಮ ಸಮಾಚಾರ ಆಯಿತು, ಅಳಿಯನ ಸಮಾಚಾರ ಆಯಿತು, ಚಹಾ ಬಂತು.

"ಉಸ್ತಾ, ನೇರ ವಿಷಯಕ್ಕೆ ಬರ್ತೀನಿ," ಎಂದರು ಫರಂಗಿಸ್. "ಚಳಿಗಾಲದ ತಂಡಕ್ಕೆ ನೀವು ಬರಬೇಕು. ನಿಮ್ಮ ಅಫೀಮಿಗೆ ಚಿಕಿತ್ಸೆ ಮಾಡ್ತೀವಿ. ಬರ್ತೀರಾ?"

"ಅಯ್ಯೋ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಖಾನುಮ್ ಡಾಕ್ಟರ್. ಇಷ್ಟು ದೂರ ನಡ್ಕೊಂಡು ಬಂದ್ರಲ್ಲ. ನಂಗೇನಾಗಿದೆ? ಬೇಡ, ಚಿಕ್ಕ ವಯಸ್ಸಿನವರಿಗೆ ಕೊಡಿ."

"ಚಿಕ್ಕ ವಯಸ್ಸಿನವರು ಒಂಬತ್ತು ಜನ ಇದ್ದಾರೆ. ನಿಮ್ಮ ಜಾಗ ಹಾಗೇ ಇದೆ. ಬನ್ನಿ."

"ಈ ಮುದುಕನನ್ನ ಹೊತ್ಕೊಂಡು ನೀವು ಏನ್ ಮಾಡ್ತೀರಿ. ಬೇಡ ತಾಯಿ, ಬೇಡ."

ಎದ್ದು ಹೊರಡಲೆಂದು ಫರಂಗಿಸ್ ಅವರ ಕೈ ತಾನಾಗಿ ಚೀಲದ ಕಡೆ ಹೋಯಿತು. ಮೂವತ್ತನಾಲ್ಕು ವರ್ಷದ ಅಭ್ಯಾಸ ಅದು. ಎರಡನೆಯ ಬೇಡ ಕೇಳಿದ್ದೇ ಅವರ ವೃತ್ತಿಯಲ್ಲಿ ಮೊದಲು. ಕಣಜದ ಬಾಗಿಲು ನೆನಪಾಯಿತು. ಇದೂ ಹಗ್ಗವೇ ಆಗಿದ್ದರೆ? ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಆದರೆ ಇಲ್ಲಿ ಬಾಗಿಲು ತೆರೆದೇ ಇತ್ತು. ಎದ್ದುಹೋಗಬೇಕಾದರೆ ಉಸ್ತಾ ಎದ್ದುಹೋಗಬಹುದಿತ್ತು. ಅವರು ಎದ್ದಿರಲಿಲ್ಲ. ಎಂಟು ವಾರ ಬೆಂಚಿನ ಮೇಲೆ ಕೂತ ಹಾಗೆಯೇ ಕೂತಿದ್ದರು. ಮೂರನೆಯ ಸಲವೂ ಬೇಡ ಎಂದರೆ ವಂದಿಸಿ ಹೊರಡುವುದು ಎಂದು ಫರಂಗಿಸ್ ಮನಸ್ಸು ಗಟ್ಟಿ ಮಾಡಿಕೊಂಡರು.

"ಉಸ್ತಾ, ಇದು ಮೂರನೇ ಸಲ. ಬಾಯುಪಚಾರಕ್ಕೆ ಕೇಳ್ತಿಲ್ಲ. ನಾಳೆ ಪಟ್ಟಿ ಮುಚ್ಚುತ್ತೆ, ಆ ಹಾಸಿಗೆ ನಿಮಗೇ ಸಿಗ್ಲಿ ಅಂತ ನಂಗೆ ಆಸೆ. ಬರ್ತೀರಾ?"

ಉಸ್ತಾ ನೊಸ್ರತ್ ನಕ್ಷೆಯ ಹಾಳೆಯನ್ನು ಸುರುಳಿ ಸುತ್ತಿದರು. ಬಿಚ್ಚಿದರು. ಮತ್ತೆ ಸುತ್ತಿದರು.

"ಕಂಬಳಿ ನಾನೇ ತರಬೇಕಾ, ನೀವು ಕೊಡ್ತೀರಾ?"

ಮಗ್ಗದ ಮುಂದಿನ ಹೆಂಗಸೊಬ್ಬಳು ಗಂಟು ಹಾಕುತ್ತಲೇ, ತಿರುಗದೆ ಹೇಳಿದಳು: "ಕೊಡ್ತಾರೆ ಅಂತ ನಿಮ್ಮ ಅಳಿಯ ನೂರು ಸಲ ಹೇಳಿದಾನಲ್ಲ ಉಸ್ತಾ. ಎರಡು ತಿಂಗಳಿಂದ ಅದೇ ಕೇಳ್ತಿದ್ದೀರಿ."

ಉಳಿದಿಬ್ಬರು ನಕ್ಕರು. ಉಸ್ತಾ ನಗಲಿಲ್ಲ. ಅವರ ಕಣ್ಣು ತುಂಬಿಕೊಂಡಿತ್ತು. "ಗಂಟಲು ಉಳಿಯುತ್ತಾ?" ಎಂದು ಮೆಲ್ಲಗೆ ಕೇಳಿದರು.

"ಪೂರ್ತಿ ಉಳಿಯುತ್ತೆ ಅಂತ ಹೇಳಲಾರೆ," ಎಂದರು ಫರಂಗಿಸ್. "ಇದ್ದಷ್ಟನ್ನ ಉಳಿಸೋಕೆ ನೋಡೋಣ."

ಬುಧವಾರ ಬೆಳಿಗ್ಗೆ ಅವರು ಏಳು ಗಂಟೆಗೇ ಕೇಂದ್ರಕ್ಕೆ ಬಂದು ಕರಡು ಹಿಡಿದು ಕೂತರು. ಏಳನೆಯ ಪ್ರಶ್ನೆಯ ಕೆಳಗಿನ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಪಕ್ಕದಲ್ಲಿ ಬರೆದರು: 'ಮೂರು ಸಲ ಕೇಳತಕ್ಕದ್ದು, ಬಾಗಿಲು ತೆರೆದಿಟ್ಟು. ಮೂರನೆಯ ಉತ್ತರವನ್ನು ಗೌರವಿಸತಕ್ಕದ್ದು.' ಈ ನಿಯಮ ಯಾಕೆ ಬದಲಾಯಿತು, ಹಳೆಯದು ಬರೆದವರು ಯಾರು, ತಪ್ಪು ಯಾರದು ಎಂದು ಮುನ್ನುಡಿಗೆ ಒಂದು ಪುಟ ಸೇರಿಸಿದರು. ನಲವತ್ತೊಂದನೆಯ ವ್ಯಕ್ತಿಯ ಪುಟಕ್ಕೆ ಬಂದಾಗ ಮಾತ್ರ ಲೇಖನಿ ನಿಂತಿತು.

ಎಂಟು ಗಂಟೆಗೆ ರೊಬಾಬೆ ಖಾನುಮ್ ಬಂದರು. ಲೋಟ, ಎರಡು ಕೊಲೊಂಪೆ.

"ಉಸ್ತಾ ನೊಸ್ರತ್ ಆಗ್ಲೇ ಬಂದು ಹೆಸರು ಬರೆಸಿದ್ರು. ಕಂಬಳಿಯನ್ನೂ ಹೊತ್ಕೊಂಡು ಬಂದಿದ್ದಾರೆ ಪಾಪ," ಎಂದರು.

"ರೊಬಾಬೆ ಖಾನುಮ್, ಸಫರ್ ಅವರ ಪುಟ. ಇದನ್ನ ತೆಗೆದುಹಾಕ್ಲಾ, ಏನ್ ಮಾಡ್ಲಿ? ನೀವು ಹೇಳಿದ ಹಾಗೆ ಮಾಡ್ತೀನಿ."

ರೊಬಾಬೆ ಯೋಚಿಸಿದರು. "ಇರಲಿ ಬಿಡಿ. ಅಂಗಿ ಇಸ್ತ್ರಿ ಮಾಡಿಸ್ಕೊಂಡು ಬಂದಿದ್ರು ಅಂತ ಸೇರಿಸಿ. ಗೌರವಿಸಿದೆವು ಅನ್ನೋ ಮಾತು ಮಾತ್ರ ತೆಗೀರಿ."

ಫರಂಗಿಸ್ ತೆಗೆದರು, ಸೇರಿಸಿದರು. ಆಮೇಲೆ ಎದ್ದು ನಿಂತರು.

"ನನ್ನನ್ನ ಕ್ಷಮಿಸ್ತೀರಾ, ರೊಬಾಬೆ ಖಾನುಮ್?"

"ಇದೇನು ಮಾತು ಅಂತ ಆಡ್ತೀರಿ. ನಿಮ್ಮದೇನು ತಪ್ಪು? ಅವರ ಹಣೆಬರಹ."

"ಹಣೆಬರಹ ಅಲ್ಲ, ನಾನು ಬರೆದಿದ್ದು. ಕ್ಷಮಿಸಿ."

"ಬಿಡಿ ಖಾನುಮ್ ಡಾಕ್ಟರ್. ಕ್ಷಮಿಸೋಕೆ ಏನಿದೆ ಇದರಲ್ಲಿ. ಚಹಾ ಆರುತ್ತೆ."

ಹೊಟ್ಟೆಗೆ ಹಾಕಿಕೊಂಡರು ಎಂದುಕೊಂಡು ಇಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ನಿನ್ನೆಯವರೆಗಿನ ಫರಂಗಿಸ್ ಆಗಿದ್ದರೆ ಮೊದಲನೆಯ ಮಾತಿಗೇ ನಿಲ್ಲಿಸಿ, ಕೂತು, ಚಹಾ ಕುಡಿಯುತ್ತಿದ್ದರು.

"ಮೂರನೇ ಸಲ ಕೇಳ್ತಿದ್ದೀನಿ," ಎಂದರು. "ನನ್ನನ್ನ ಕ್ಷಮಿಸ್ತೀರಾ?"

ರೊಬಾಬೆ ತಟ್ಟೆಯನ್ನು ಮೇಜಿನ ಮೇಲಿಟ್ಟು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಎದುರಿನ ಕುರ್ಚಿಯಲ್ಲಿ ಕೂತರು.

"ಮೂರು ಸಲ ಕೇಳಿದ್ರಿ. ಇನ್ನು ಉಪಚಾರ ನಡೆಯಲ್ಲ," ಎಂದರು. "ಇಲ್ಲ. ಕ್ಷಮಿಸೋಕೆ ಆಗಿಲ್ಲ. ನಿಮ್ಮ ಮೇಲೆ ಹಗೆ ಇಲ್ಲ, ದೇವರಾಣೆ ಇಲ್ಲ. ಕೊಲೊಂಪೆ ಒಂದು ದಿನಾನೂ ಮನಸ್ಸಿಲ್ಲದ ಮನಸ್ಸಿಂದ ತಂದಿಲ್ಲ. ಆದ್ರೆ ಆ ಅಂಗಿ ಇನ್ನೂ ಪೆಟ್ಟಿಗೆಯಲ್ಲಿದೆ. ಅದನ್ನ ನೋಡಿದಾಗ ಆಗಲ್ಲ."

ಫರಂಗಿಸ್ ತಲೆಯಾಡಿಸಿದರು. ಅಂಗಳದಲ್ಲಿ ಉಸ್ತಾ ನೊಸ್ರತ್ ಸನೋಬರಳಿಗೆ ಏನನ್ನೋ ಬೇಡ ಬೇಡ ಎನ್ನುತ್ತಿದ್ದುದು ಕೇಳಿಸುತ್ತಿತ್ತು.

ರೊಬಾಬೆ ಎದ್ದು ಲೋಟವನ್ನು ಅವರ ಹತ್ತಿರ ಸರಿಸಿದರು. "ನಾಳೆ ಕೇಳಿ ನೋಡಿ," ಎಂದು ಹೇಳಿ ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಫರಂಗಿಸ್ ಮತ್ತೆ ಕೇಳಿದರು.